ಬದಲಾವಣೆಯ ಖರ್ಚು ಯಾರ ತಲೆಗೆ?

ಕೃಷ್ಣಾ ನದಿ ರಬಕವಿಯ ದಂಡೆ ಮುಟ್ಟುವ ಮುಂಚೆ ಮಹಾರಾಷ್ಟ್ರದ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬರುತ್ತದೆ. ಪಂಚಗಂಗೆ ಹರಿಯುವುದು ಇಚಲಕರಂಜಿಯ ಮಗ್ಗುಲಲ್ಲಿ. ವಿದ್ಯುತ್ ಮಗ್ಗಗಳಿಗೆ ದೇಶಕ್ಕೇ ಹೆಸರಾದ ಆ ಊರಿನಲ್ಲಿ 2012ರ ಮಳೆಗಾಲದ ಹೊತ್ತಿಗೆ ಕುಡಿಯುವ ನೀರಿಗೆ ಹೊಲಸು ನೀರು ಬೆರೆತು ಸಾವಿರಾರು ಜನರಿಗೆ ಕಾಮಣಿ ಹರಡಿತು, ಜೀವಗಳು ಹೋದವು. ಮರುವರ್ಷದ ಆರಂಭದಲ್ಲಿ ಅದೇ ಊರಿನ ಮಗ್ಗದ ಕಾರ್ಮಿಕರು ಮಜೂರಿ ಹೆಚ್ಚಳಕ್ಕಾಗಿ ವಾರಗಟ್ಟಲೆ ಕೆಲಸ ನಿಲ್ಲಿಸಿದರು. ನೀರಿನ ಪ್ರಶ್ನೆ ಕೋರ್ಟಿಗೆ ಹೋಯಿತು, ಮಜೂರಿಯ ಪ್ರಶ್ನೆ ಬೀದಿಗೆ ಬಂತು. ಆ ನೀರು ಕುಡಿದವರೂ ಆ ಮಗ್ಗ ಓಡಿಸಿದವರೂ ಒಂದೇ ಓಣಿಯವರು.

ಹೊಳೆಗುಂಟ ಕೆಳಗೆ ಬಂದರೆ ನಮ್ಮ ಸೀಮೆ. ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರ ಮಗ್ಗದ ಊರುಗಳು. ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳು ಕಬ್ಬಿನ ಸೀಮೆ. ಎರಡೂ ಕಸುಬುಗಳಿಗೆ ನೀರು ಬೇಕು, ಕರೆಂಟು ಬೇಕು, ದುಡಿಯುವ ಸಾವಿರಾರು ಕೈಗಳೂ ಬೇಕು. ಎರಡೂ ಈಗಿರುವಂತೆಯೇ ಬಹಳ ಕಾಲ ನಡೆಯಲಾರವು. ಬಣ್ಣ ಹಾಕಿದ ನೀರು ಶುದ್ಧವಾಗದೆ ಹೊರಗೆ ಹೋಗಬಾರದು, ಕಲ್ಲಿದ್ದಲಿನ ಕರೆಂಟು ಕಡಿಮೆಯಾಗಬೇಕು, ಕಬ್ಬಿನ ರವದಿ ಸುಡುವುದು ನಿಲ್ಲಬೇಕು. ಇವಿಷ್ಟೂ ಆಗಲೇಬೇಕು ಎಂಬುದರಲ್ಲಿ ಈಗ ಹೆಚ್ಚು ತಕರಾರಿಲ್ಲ. ಹೇಗೆ ಆಗಬೇಕು, ಯಾರನ್ನು ಕೇಳಿ ಆಗಬೇಕು, ಖರ್ಚು ಯಾರದು ಎಂಬಲ್ಲಿ ತಕರಾರಿದೆ. ಕಾರ್ಮಿಕ ಸಂಘದ ಪ್ರಶ್ನೆ ಹುಟ್ಟುವುದು ಅಲ್ಲಿಯೇ. ಪರಿಸರದ ಕಡೆಗಿನ ಹೊರಳುವಿಕೆಯನ್ನು ಸಂಘಗಳು ಕೈಹಿಡಿದು ನಡೆಸುತ್ತವೆಯೋ, ಕಾಲಿಗೆ ತೊಡರುತ್ತವೆಯೋ? ಎರಡೂ ಬಗೆಯ ಉದಾಹರಣೆಗಳು ನಮ್ಮ ಸುತ್ತಮುತ್ತಲೇ ಇವೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ನ್ಯಾಯವಾಗದು.

ಸಂಘ ಬೇಕು ಎನ್ನುವವರ ಮಾತು

ಮಾಲಿನ್ಯ ಮೊದಲು ಮುಟ್ಟುವುದು ದುಡಿಯುವವನನ್ನು. ಮಗ್ಗದ ಶೆಡ್ಡಿನೊಳಗೆ ಲಾಳಿ ಬಡಿಯುವ ಸದ್ದು 90 ಡೆಸಿಬಲ್ ದಾಟುತ್ತದೆ. ವರ್ಷಗಟ್ಟಲೆ ಅದರೊಳಗೆ ನಿಂತವರ ಕಿವಿ ಮಂದವಾಗುವುದು ಮಗ್ಗದ ಊರುಗಳಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ನೂಲಿನ ಲಡಿಗಳನ್ನು ಬಿಸಿ ಬಣ್ಣದಲ್ಲಿ ಅದ್ದುವವನ ಕೈಗೆ ರಾಸಾಯನಿಕ ತಾಗಿದ ಮೇಲೆಯೇ ಅದು ಚರಂಡಿಗೆ ಇಳಿಯುತ್ತದೆ. ಹೀಗಿರುವಾಗ ಪರಿಸರದ ಕಾಳಜಿ ಹೊರಗಿನ ಓದಿದವರದು, ಹೊಟ್ಟೆಯ ಕಾಳಜಿ ಕಾರ್ಮಿಕರದು ಎಂಬ ವಿಂಗಡಣೆಯೇ ತಪ್ಪು. ಶೆಡ್ಡಿನೊಳಗಿನ ಗಾಳಿ, ಬೆಳಕು, ಸದ್ದು, ವಿಷ ಎಲ್ಲವೂ ಸಂಘದ ಹಳೆಯ ಬೇಡಿಕೆಗಳೇ. ಗೋಡೆಯ ಆಚೆ ಅದೇ ವಿಷಕ್ಕೆ ಪರಿಸರ ಸಮಸ್ಯೆ ಎಂಬ ಹೆಸರು ಬರುತ್ತದೆ, ಅಷ್ಟೇ.

ಛತ್ತೀಸಗಡದ ದಲ್ಲಿ ರಾಜಹರಾ ಕಬ್ಬಿಣದ ಗಣಿಗಳಲ್ಲಿ 1977ರಲ್ಲಿ ಶಂಕರ ಗುಹಾ ನಿಯೋಗಿ ಮುಂದೆ ನಿಂತು ಕಟ್ಟಿದ ಗುತ್ತಿಗೆ ಕಾರ್ಮಿಕರ ಸಂಘ ಇದನ್ನು ಬಲ್ಲದ್ದಾಗಿತ್ತು. ಅದರ ಬಾವುಟದಲ್ಲಿ ಕೆಂಪಿನ ಜೊತೆ ಹಸಿರೂ ಇತ್ತು. ಕೂಲಿಗಾಗಿ ಹೋರಾಡಿದ ಸಂಘವೇ 1983ರಲ್ಲಿ ಶಹೀದ್ ಆಸ್ಪತ್ರೆ ಕಟ್ಟಿತು, ಕುಡಿತದ ವಿರುದ್ಧ ನಿಂತಿತು, ಕಾಡಿನ ಗಿಡಮರಗಳನ್ನು ಗಣಿಯವರ ಮಕ್ಕಳಿಗೆ ಪರಿಚಯಿಸುವ ಕೆಲಸ ಮಾಡಿತು. ಗಣಿಗೆ ದೊಡ್ಡ ಯಂತ್ರಗಳು ಬರುವ ಮಾತು ಎದ್ದಾಗ ಬೇಡ ಎಂದಷ್ಟೇ ಕೂಗಿ ಸುಮ್ಮನಾಗಲಿಲ್ಲ. ಅರ್ಧ ಯಂತ್ರ, ಅರ್ಧ ಮನುಷ್ಯರ ದುಡಿಮೆ ಇರುವ ಬದಲಿ ಯೋಜನೆಯನ್ನು ತಾನೇ ಲೆಕ್ಕ ಹಾಕಿ ಮುಂದಿಟ್ಟಿತು. 1991ರ ಸೆಪ್ಟೆಂಬರ್ 28ರಂದು ನಿಯೋಗಿ ಅವರ ಹತ್ಯೆಯಾಯಿತು. ಸಂಘವೊಂದು ಎಷ್ಟು ದೂರ ನೋಡಬಲ್ಲದು ಎಂಬುದಕ್ಕೆ ಅವರ ಬದುಕು ಇಂದಿಗೂ ಸಾಕ್ಷಿ.

ಈ ಕಡೆಯ ಎರಡನೆಯ ವಾದ ಇನ್ನೂ ಗಟ್ಟಿಯಾದದ್ದು. ಸಂಘವಿಲ್ಲದ ಕಡೆ ಪರಿಸರ ಸುಧಾರಣೆಯ ಖರ್ಚು ಇಳಿಜಾರಿನಲ್ಲಿ ಹರಿದು ಕಟ್ಟಕಡೆಯವನ ಮೇಲೆ ಬೀಳುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿತ್ತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆ ಬಣ್ಣದ ನೀರಿನ ತೊಟ್ಟಿಯಾಯಿತು. ಕೆಳಗಿನ ರೈತರು ಕೋರ್ಟಿಗೆ ಹೋದರು. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳು ಒಮ್ಮೆಲೇ ನಿಂತವು. ರೈತರ ದೂರಿನಲ್ಲಿ ಸುಳ್ಳಿರಲಿಲ್ಲ, ಕೋರ್ಟಿನ ಆದೇಶದಲ್ಲಿ ತಪ್ಪಿರಲಿಲ್ಲ. ಮುಂದೆ ಶುದ್ಧೀಕರಣ ಘಟಕಗಳಿಗೆ ಸರ್ಕಾರದಿಂದ ಬಡ್ಡಿಯಿಲ್ಲದ ಸಾಲವೂ ಬಂತು. ಅದು ಬರುವುದರೊಳಗೆ ದಿನಗೂಲಿಯವರು ಗಂಟುಮೂಟೆ ಕಟ್ಟಿ ಊರು ಬಿಟ್ಟಿದ್ದರು. ಯಂತ್ರಕ್ಕೆ ಸಾಲ ಸಿಕ್ಕಿತು, ಯಂತ್ರದ ಮುಂದೆ ನಿಂತವನಿಗೆ ಬಸ್ ಚಾರ್ಜೂ ಸಿಗಲಿಲ್ಲ.

ನಮ್ಮದೇ ರಾಜ್ಯದ ಕುದುರೆಮುಖವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಭದ್ರೆಯ ನೀರು, ಪಶ್ಚಿಮ ಘಟ್ಟದ ಕಾಡು ಉಳಿಯಲೆಂದು ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ಕಬ್ಬಿಣದ ಗಣಿಗಾರಿಕೆಗೆ 2005ರ ಕೊನೆಯ ದಿನವನ್ನು ಗಡುವಾಗಿ ಕೊಟ್ಟಿತು. ಮೂರು ವರ್ಷಗಳ ಸಮಯವಿತ್ತು, ಸರ್ಕಾರಿ ಕಂಪನಿ ಇತ್ತು, ಸಂಘಟಿತ ನೌಕರರಿದ್ದರು. ಕಂಪನಿಯ ಪಟ್ಟಿಯಲ್ಲಿದ್ದವರಿಗೆ ಸ್ವಯಂ ನಿವೃತ್ತಿ, ಮಂಗಳೂರಿನ ಘಟಕ ಎಂಬ ದಾರಿಗಳಾದರೂ ಇದ್ದವು. ಗಣಿ ನಂಬಿ ಬೆಳೆದ ಊರು ಬರಿದಾಯಿತು ಎಂಬುದು ನಿಜ. ಆದರೂ ತಿರುಪ್ಪೂರಿನ ದಿನಗೂಲಿಯವನಿಗೂ ಕುದುರೆಮುಖದ ನೌಕರನಿಗೂ ಇದ್ದ ಅಂತರ ಸಂಘಟನೆಯ ಬಲ ಎಷ್ಟೆಂಬುದನ್ನು ತೋರಿಸುತ್ತದೆ.

ಮೂರನೆಯ ವಾದ ಬೆಂಗಳೂರಿನ ಬಸ್ಸುಗಳದ್ದು. ಡೀಸೆಲ್ ಬಿಟ್ಟು ವಿದ್ಯುತ್ ಬಸ್ಸಿಗೆ ಹೋಗುವುದು ಒಳ್ಳೆಯದೇ. ಆದರೆ ಬಿಎಂಟಿಸಿಗೆ ಬಂದ ವಿದ್ಯುತ್ ಬಸ್ಸುಗಳು ಕಿಲೋಮೀಟರಿಗೆ ಇಂತಿಷ್ಟು ಎಂಬ ಗುತ್ತಿಗೆಯಲ್ಲಿ ಬಂದವು. ಬಸ್ಸೂ ಕಂಪನಿಯದು, ಚಾಲಕನೂ ಕಂಪನಿಯವನು, ನಿರ್ವಾಹಕ ಮಾತ್ರ ನಿಗಮದವನು. ಬಸ್ಸುಗಳನ್ನು ನಿಗಮವೇ ಕೊಂಡು ತನ್ನ ಚಾಲಕರಿಂದಲೇ ಓಡಿಸಲಿ ಎಂದು ಸಾರಿಗೆ ನೌಕರರ ಸಂಘಗಳು ಕೇಳುತ್ತ ಬಂದಿವೆ. ಇದನ್ನು ಪರಿಸರದ ವಿರೋಧ ಎನ್ನುವುದು ಸುಲಭ, ಆದರೆ ಸರಿಯಲ್ಲ. ಹೊಗೆ ಹೋಗಲಿ, ಕಾಯಂ ಕೆಲಸ ಹೋಗುವುದು ಬೇಡ ಎಂಬುದು ಅವರ ಮಾತಿನ ತಿರುಳು. ಹಸಿರು ಬಣ್ಣ ಬಳಿದುಕೊಂಡು ಬರುವ ಯೋಜನೆಯೊಳಗೆ ಬೇರೆ ಯಾವ ಬದಲಾವಣೆ ಅಡಗಿದೆ ಎಂದು ತೆರೆದು ನೋಡಲು ಯಾರಾದರೂ ಬೇಕಲ್ಲವೆ?

ಸಂಘ ತೊಡಕು ಎನ್ನುವವರ ಮಾತು

ಎದುರಿನ ವಾದವೂ ಹಗುರವಾದದ್ದಲ್ಲ. ಅದರ ಅತಿ ನೋವಿನ ಸಾಕ್ಷ್ಯ ಕನ್ನಡದ ನೆಲದಲ್ಲಿಯೇ ಇದೆ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಮತ್ತು ಸುತ್ತಲಿನ ಊರುಗಳ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಅಂಗವೈಕಲ್ಯ, ಬುದ್ಧಿಮಾಂದ್ಯ ಹೊತ್ತು ಹುಟ್ಟಿದ ಮಕ್ಕಳು ಮನೆಮನೆಯಲ್ಲಿ ಕಾಣಿಸಿಕೊಂಡರು. ಈ ವಿಷ ತಯಾರಾಗುತ್ತಿದ್ದ ಕಾರ್ಖಾನೆಗಳಲ್ಲಿ ಒಂದು ಅದೇ ಕೇರಳದ ಏಲೂರಿನಲ್ಲಿದ್ದ ಸರ್ಕಾರಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್. ನಿಷೇಧದ ಕೂಗು ಎದ್ದಾಗ ಅಲ್ಲಿನ ಕಾರ್ಮಿಕ ಸಂಘಗಳು ಕೆಲಸ ಹೋಗುವ ಭಯದಿಂದ ಕಾರ್ಖಾನೆಯ ಪರವಾಗಿ ನಿಂತವು. ಕೊನೆಗೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರಬೇಕಾಯಿತು. ಏಲೂರಿನ ಕಾರ್ಮಿಕ ಕೆಟ್ಟವನೇನಲ್ಲ. ತನ್ನ ಮಕ್ಕಳ ಅನ್ನ ಅವನ ಕಣ್ಣ ಮುಂದಿತ್ತು, ಪಡ್ರೆಯ ಮಕ್ಕಳು ಅವನಿಗೆ ಕಾಣುತ್ತಿರಲಿಲ್ಲ. ಸಂಘವೆಂಬುದು ತನ್ನ ಸದಸ್ಯರಿಗೆ ಬದ್ಧವಾಗಿರುತ್ತದೆ. ಆ ಬದ್ಧತೆಯೇ ಅದರ ಶಕ್ತಿ, ಅದರ ಮಿತಿಯೂ ಅದೇ.

ಎರಡನೆಯದು ಕಾಲದ ಪ್ರಶ್ನೆ. ಮಾತುಕತೆಗೆ ವರ್ಷಗಳು ಹಿಡಿಯುತ್ತವೆ. ಜರ್ಮನಿಯಲ್ಲಿ ಕಲ್ಲಿದ್ದಲು ಬಿಡುವ ಒಪ್ಪಂದಕ್ಕೆ ಗಣಿ ಕಾರ್ಮಿಕರ ಸಂಘವೂ ಸಹಿ ಹಾಕಿತು. ಪರಿಹಾರ ಒಳ್ಳೆಯದೇ ಸಿಕ್ಕಿತು, ಆದರೆ ಕೊನೆಯ ದಿನ 2038ಕ್ಕೆ ಹೋಯಿತು. ಹೊಳೆಯ ದಂಡೆಯಲ್ಲಿ ಕುಡಿಯುವ ನೀರಿಗೆ ಕಾಯುವವರು ಅಷ್ಟು ಕಾಲ ಕಾಯಲಾರರು. ಇಚಲಕರಂಜಿಯ ಕಾಮಣಿ ಯಾವ ಒಪ್ಪಂದದ ಅವಧಿಯನ್ನೂ ಕೇಳಿಕೊಂಡು ಬರಲಿಲ್ಲ.

ಮೂರನೆಯದು ಬೇಡಿಕೆಗಳ ಸ್ವರೂಪ. ನಮ್ಮ ಸೀಮೆಯ ನೇಕಾರ ಸಂಘಟನೆಗಳ ಬಹುಕಾಲದ ಹೋರಾಟ ಮಜೂರಿ, ಸಾಲ ಮನ್ನಾ, ವಿದ್ಯುತ್ ದರ ಈ ಮೂರರ ಸುತ್ತ ನಡೆದಿದೆ. ಬಡತನ ಅಷ್ಟು ಹತ್ತಿರವಿದ್ದಾಗ ಬೇರೆ ಏನನ್ನು ಕೇಳಲು ಸಾಧ್ಯವಿತ್ತು ಎಂಬುದು ನ್ಯಾಯವಾದ ಪ್ರಶ್ನೆ. ಕೋವಿಡ್ ನಂತರದ ವರ್ಷಗಳಲ್ಲಿ ರಬಕವಿ-ಬನಹಟ್ಟಿಯ ಮನೆಗಳಿಂದ ನೇಕಾರರ ಆತ್ಮಹತ್ಯೆಯ ಸುದ್ದಿಗಳು ಬಂದಿದ್ದನ್ನು ಮರೆಯುವಂತಿಲ್ಲ. ಆದರೂ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ, ಶೆಡ್ಡಿನ ಸದ್ದಿಗೆ ಪರಿಹಾರವೇನು ಎಂಬ ಪ್ರಶ್ನೆಗಳಿಗೆ ಬೇಡಿಕೆ ಪಟ್ಟಿಯಲ್ಲಿ ಮುಂದಿನ ಜಾಗ ಸಿಗಬೇಕಿತ್ತು ಎನ್ನುವವರ ಮಾತನ್ನೂ ತಳ್ಳಿಹಾಕಲಾಗದು.

ಇಲ್ಲಿ ಮಾಲೀಕ ಯಾರು?

ಮೇಲಿನ ಎರಡೂ ವಾದಗಳು ದೊಡ್ಡ ಕಾರ್ಖಾನೆಯ ಗೇಟಿನ ಮುಂದೆ ಹುಟ್ಟಿದವು. ಬನಹಟ್ಟಿಯ ಓಣಿಗೆ ಬಂದರೆ ಚಿತ್ರವೇ ಬೇರೆ. ನಾಲ್ಕು ಮಗ್ಗ ಇಟ್ಟುಕೊಂಡು ಮನೆಯವರೇ ದುಡಿಯುವವನು ಮಾಲೀಕನೋ ಕಾರ್ಮಿಕನೋ? ಅವನಿಗೆ ನೂಲು ಕೊಟ್ಟು, ಸೀರೆ ಲೆಕ್ಕದ ಮೇಲೆ ಮಜೂರಿ ಕೊಡುವ ಸಾವಕಾರನಿಗೆ ಅವನು ಕೂಲಿಯವನು. ಅವನ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುವ, ಹಾಸಿನ ಎಳೆ ಜೋಡಿಸುವ ಪಕ್ಕದ ಮನೆಯವರಿಗೆ ಅವನೇ ಮಾಲೀಕ. ಸಾವಕಾರನೂ ಸೂರತ್ತಿನ ಅಗ್ಗದ ಪಾಲಿಯೆಸ್ಟರ್ ಸೀರೆಯ ಎದುರು ಉಸಿರು ಬಿಗಿಹಿಡಿದವನೇ. ಮಜೂರಿ ಹೆಚ್ಚಳದ ಮಾತುಕತೆ ಇಲ್ಲಿ ಮಾಲೀಕರ ಮತ್ತು ನೇಕಾರರ ಪ್ರತಿನಿಧಿಗಳ ನಡುವೆ, ಊರ ಹಿರಿಯರ ಸಮ್ಮುಖದಲ್ಲಿ ನಡೆಯುತ್ತ ಬಂದಿದೆ. ನೇಕಾರರನ್ನೂ ಕಾರ್ಮಿಕರೆಂದು ಗುರುತಿಸಿ, ಕಟ್ಟಡ ಕಾರ್ಮಿಕರಿಗೆ ಸಿಗುವಂಥ ಸೌಲಭ್ಯ ಕೊಡಿ ಎಂಬ ಬೇಡಿಕೆ ಇಂದಿಗೂ ಜೀವಂತವಿದೆ.

ಕಾನೂನು ಈ ಓಣಿಯನ್ನು ಸರಿಯಾಗಿ ಕಂಡಿಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಕಾಲದಿಂದಲೂ ಏಳು ಜನ ಸೇರಿದರೆ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಮೇಜಿನ ಆಚೆ ಕುಳಿತುಕೊಳ್ಳಲು ಗುರುತಿಸಬಲ್ಲ ಒಬ್ಬ ಮಾಲೀಕ ಬೇಕಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾಗುವುದು 300 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದಾಗ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆ ಎನ್ನಲು ಬೇಕಾದ ಕನಿಷ್ಠ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಕೆಲಸ ಕಳೆದುಕೊಂಡವರ ಹೊಸ ಕಲಿಕೆಗಾಗಿ ಮಾಲೀಕ 15 ದಿನಗಳ ವೇತನವನ್ನು ನಿಧಿಗೆ ಕಟ್ಟಬೇಕೆಂಬ ನಿಯಮ ಹೊಸದಾಗಿ ಸೇರಿದೆ. ಆಲೋಚನೆ ಒಳ್ಳೆಯದು. ಆದರೆ ಹಾಜರಿ ಪುಸ್ತಕವೇ ಇಲ್ಲದ ಶೆಡ್ಡಿನಲ್ಲಿ, ಸೀರೆ ಲೆಕ್ಕದ ದುಡಿಮೆಯಲ್ಲಿ ಯಾರ ವೇತನದ 15 ದಿನ, ಯಾವ ದಿನದಿಂದ ಲೆಕ್ಕ?

ಇನ್ನೊಂದು ತೊಡಕು ಕೈಮಗ್ಗದ್ದು. ಕರೆಂಟು ಬೇಡದ, ಹೊಗೆ ಬಿಡದ ಕೈಮಗ್ಗಕ್ಕಿಂತ ಪರಿಸರಸ್ನೇಹಿ ನೇಯ್ಗೆ ಇಲ್ಲ. 1985ರ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಮೊದಲು 22 ಇದ್ದ ಆ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಆ ಕಾಯ್ದೆ ಬಿಗಿಯಾದರೆ ಕೈಮಗ್ಗದವನಿಗೆ ಉಸಿರು, ವಿದ್ಯುತ್ ಮಗ್ಗದವನಿಗೆ ಸಂಕಟ. ಇಬ್ಬರೂ ಒಂದೇ ಊರವರು, ಎಷ್ಟೋ ಸಲ ಒಂದೇ ಮನೆತನದವರು. ನೇಕಾರರ ಸಂಘ ಎಂದಾಗ ಅದು ಯಾರ ದನಿ? ಹಸಿರು ಬಟ್ಟೆ ಎಂದು ಕೈಮಗ್ಗವನ್ನು ಹೊಗಳುವ ಪೇಟೆಯವರು ಒಂದು ಮಾತು ನೆನಪಿಡಬೇಕು. ನೇಕಾರ ಕೈಮಗ್ಗ ಬಿಟ್ಟದ್ದು ಪರಿಸರದ ಮೇಲಿನ ಉದಾಸೀನದಿಂದಲ್ಲ, ಅದರಲ್ಲಿ ಹೊಟ್ಟೆ ತುಂಬಲಿಲ್ಲವೆಂದು. ನೇಕಾರ ಸಮ್ಮಾನ್ ಹೆಸರಿನಲ್ಲಿ ರಾಜ್ಯ ಸರ್ಕಾರ 2020ರಲ್ಲಿ ವರ್ಷಕ್ಕೆ 2,000 ರೂಪಾಯಿ ಕೊಡಲು ತೊಡಗಿ, ನಂತರ ಅದನ್ನು 5,000ಕ್ಕೆ ಏರಿಸಿತು. ತಿಂಗಳಿಗೆ ಹಂಚಿದರೆ 416 ರೂಪಾಯಿ ಚಿಲ್ಲರೆ. ಮಗ್ಗದ ಕುಣಿಯಲ್ಲಿ ಕೂತು ಕಾಲು ತುಳಿಯುವವನನ್ನು ಅಷ್ಟರಲ್ಲಿ ಹಿಡಿದಿಡಲಾಗದು.

ಕರೆಂಟಿನ ಲೆಕ್ಕ

ಎರಡೂ ವಾದಗಳು ನೇರವಾಗಿ ಮುಖಾಮುಖಿಯಾಗುವ ಜಾಗ ಮಗ್ಗದ ಮೀಟರು. 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವುದಾಗಿ ರಾಜ್ಯ ಸರ್ಕಾರ 2023ರ ಜುಲೈ ಬಜೆಟ್ಟಿನಲ್ಲಿ ಸಾರಿತು. ಅದು ನೇಕಾರರ ವರ್ಷಗಳ ಕೂಗಿಗೆ ಸಿಕ್ಕ ಫಲ. ಅರ್ಧ ಎಚ್‌ಪಿ ಮೋಟರಿನ ನಾಲ್ಕು ಮಗ್ಗಗಳು ದಿನಕ್ಕೆ ಎಂಟು ಗಂಟೆಯಂತೆ 25 ದಿನ ಪೂರ್ಣ ಭಾರದಲ್ಲಿ ಓಡಿದರೆ ಹತ್ತಿರ ಹತ್ತಿರ 300 ಯೂನಿಟ್ ಆಗುತ್ತದೆ. ಅಂದರೆ ಸಣ್ಣ ನೇಕಾರನ ಬಿಲ್ಲಿನ ಬಹುಪಾಲು ಮಾಫಿ. ಸಂಘ ಇದನ್ನು ಗಳಿಸಿಕೊಟ್ಟದ್ದು ಸಾಧನೆಯೇ.

ಎದುರು ಮಾತು ಹೀಗಿದೆ. ಆ ಕರೆಂಟಿನ ಒಂದು ಪಾಲು ಕಲ್ಲಿದ್ದಲಿನದು. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವಾಟಿನ ಉಷ್ಣ ಸ್ಥಾವರ ಇದೆ. ಬಿಲ್ಲೇ ಬಾರದಿದ್ದಾಗ ಹಳೆಯ ಮೋಟರು ಬದಲಿಸುವ, ಮಾಳಿಗೆಯ ಮೇಲೆ ಸೌರಫಲಕ ಹಾಕುವ ಹುರುಪು ಎಲ್ಲಿಂದ ಬರಬೇಕು? ಈ ಮಾತಿನಲ್ಲಿ ತರ್ಕವಿದೆ. ಆದರೆ ಅದಕ್ಕೆ ಉಚಿತ ವಿದ್ಯುತ್ ಕಿತ್ತುಕೊಳ್ಳುವುದು ಉತ್ತರವಲ್ಲ. ದಿನಕ್ಕೆ ಹನ್ನೆರಡು ಯೂನಿಟ್ ಎಂದರೆ ಮೂರು ಕಿಲೋವಾಟ್ ಸೌರಫಲಕ ಕೊಡಬಲ್ಲ ವಿದ್ಯುತ್ತು. ಅದಕ್ಕೆ ಬೇಕಾದದ್ದು ಸುಮಾರು 300 ಚದರಡಿ ಮಾಳಿಗೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಅದು ಮನೆಯ ಮೀಟರಿಗೆ, ಮಗ್ಗದ ಮೀಟರಿಗಲ್ಲ. ಮನೆಯೂ ಮಗ್ಗವೂ ಒಂದೇ ಮಾಳಿಗೆಯಡಿ ಇರುವ ಊರಿನಲ್ಲಿ ಈ ಗೆರೆಗೆ ಅರ್ಥವಿಲ್ಲ. 2017ರಲ್ಲಿ ಬಂದ ಕೇಂದ್ರದ ಪವರ್‌ಟೆಕ್ಸ್ ಯೋಜನೆಯಲ್ಲಿ ಸಣ್ಣ ಮಗ್ಗ ಘಟಕಗಳಿಗೆ ಸೌರವಿದ್ಯುತ್ ನೆರವು ಇತ್ತು. ಹೆಸ್ಕಾಂಗೆ ವರ್ಷವರ್ಷ ತುಂಬುವ ಸಬ್ಸಿಡಿಯ ಒಂದು ಭಾಗವನ್ನು ನೇಕಾರನ ಮಾಳಿಗೆಯ ಮೇಲೆ ಹಾಕಿದರೆ ಕೆಲವೇ ವರ್ಷಗಳಲ್ಲಿ ಕರೆಂಟು ಅವನ ಸ್ವತ್ತಾಗುತ್ತದೆ, ಸರ್ಕಾರ ಬದಲಾದರೆ ಸವಲತ್ತು ಹೋದೀತೆಂಬ ಭಯ ಇರುವುದಿಲ್ಲ. ಇದನ್ನು ಕೇಳಬೇಕಾದದ್ದು ಸಂಘ. ಇದು ಅದರ ಹಳೆಯ ಬೇಡಿಕೆಗೆ ವಿರುದ್ಧವಲ್ಲ, ಅದರ ಮುಂದಿನ ಹೆಜ್ಜೆ.

ಕಬ್ಬಿನ ಹೊಲದಲ್ಲಿ ಬಿಟ್ಟುಹೋದವರು

ಮಗ್ಗದ ಊರಿನಿಂದ ಆಚೆ ಕಾಲಿಟ್ಟರೆ ಸಕ್ಕರೆ ಕಾರ್ಖಾನೆಗಳು. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿದ ಮೇಲೆ ಈ ಸೀಮೆಯ ಕಬ್ಬು ಹಸಿರು ಇಂಧನದ ಲೆಕ್ಕಕ್ಕೂ ಸೇರಿದೆ. ಕಾರ್ಖಾನೆಯೊಳಗಿನ ಕಾಯಂ ನೌಕರರಿಗೆ ಸಂಘವಿದೆ, ವೇತನ ಒಪ್ಪಂದವಿದೆ. ಹೊರಗೆ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬೇರೆ ಲೋಕ. ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದಿಂದ ಮುಂಗಡ ಪಡೆದು ಗಂಡಹೆಂಡತಿ ಮಕ್ಕಳೊಂದಿಗೆ ಬಂದು ಟೆಂಟಿನಲ್ಲಿ ಇರುವವರು ಅವರು. ಕಡಿಯುವ ಯಂತ್ರ ಬಂದರೆ ರವದಿ ಪುಡಿಯಾಗಿ ಹೊಲದಲ್ಲೇ ಹರಡುತ್ತದೆ, ಸುಡುವ ಪ್ರಮೇಯವಿಲ್ಲ, ಮಣ್ಣಿಗೂ ಒಳ್ಳೆಯದು. ಪರಿಸರದ ಕಣ್ಣಿನಿಂದ ಯಂತ್ರ ಗೆಲ್ಲುತ್ತದೆ. ಆ ಗ್ಯಾಂಗಿನ ಗತಿ ಏನಾಯಿತೆಂದು ಕೇಳುವ ಸಂಘ ಕಾರ್ಖಾನೆಯ ಗೇಟಿನೊಳಗೆ ಇಲ್ಲ.

ಸಂಘ ತೊಡಕು ಎನ್ನುವವರೂ ಸಂಘ ಬೇಕು ಎನ್ನುವವರೂ ಇಲ್ಲಿ ಒಂದೇ ಸತ್ಯದ ಮುಂದೆ ನಿಲ್ಲುತ್ತಾರೆ. ಕಾರ್ಡು ಇದ್ದವರಿಗಷ್ಟೇ ಮೀಸಲಾದ ಸಂಘ ಬದಲಾವಣೆಯ ಹೊರೆಯನ್ನು ಕಾರ್ಡಿಲ್ಲದವರ ಬೆನ್ನಿಗೆ ದಾಟಿಸುತ್ತದೆ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರ ಸಂಘಟನೆಗಳ ಹೋರಾಟದಿಂದಾಗಿ ಅವರ ಹೆಸರಿನಲ್ಲೇ ಕಲ್ಯಾಣ ಮಂಡಳಿಯೊಂದು ಆಯಿತು. ನುರಿಸಿದ ಪ್ರತಿ ಟನ್ನಿಗೆ ಇಂತಿಷ್ಟು ಎಂದು ಕಾರ್ಖಾನೆಗಳಿಂದ ಅದಕ್ಕೆ ಹಣ ಬರುವ ಏರ್ಪಾಡಾಯಿತು. ನಮ್ಮ ರಾಜ್ಯದಲ್ಲೇ ಕಟ್ಟಡ ಕಾರ್ಮಿಕರ ಮಂಡಳಿ ನಿರ್ಮಾಣ ವೆಚ್ಚದ ಶೇ 1ರ ಸೆಸ್ಸಿನ ಮೇಲೆ ನಿಂತಿದೆ. ಮಾಲೀಕ ಯಾರೆಂದು ಬೆರಳು ತೋರಿಸಲಾಗದ ಕಡೆ ಸರಕಿನ ಮೇಲೆಯೇ ಹೊಣೆ ಹಾಕುವ ದಾರಿ ಇದು. ಟನ್ನು ಕಬ್ಬಿಗೆ ಆದದ್ದು ಸೀರೆಗೂ ಆಗಬಲ್ಲದು.

ತೂಗಿ ನೋಡಿದಾಗ

ಸಂಘಟನೆ ಎಂದರೆ ಬೇಡಿಕೆ ಸಲ್ಲಿಸುವುದಷ್ಟೇ ಅಲ್ಲ ಎಂಬುದಕ್ಕೆ ಈ ಸೀಮೆಗೆ ಬೇರೆ ಊರಿನ ಪಾಠ ಬೇಕಾಗಿಲ್ಲ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ್ದು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ಒಂದುಗೂಡಿದ ಕೃಷ್ಣಾ ತೀರದ ರೈತರು. ಹಣ ಅವರದೇ, ಮೈಬೆವರು ಅವರದೇ. ಶ್ರಮಬಿಂದು ಸಾಗರ ಎಂಬ ಹೆಸರೇ ಅದನ್ನು ಹೇಳುತ್ತದೆ. ಅದರ ಮುಂದಿನ ಭಾಗವನ್ನೂ ಹೇಳಬೇಕು. ನೀರು ಬಂದಲ್ಲಿ ಕಬ್ಬು ಹಬ್ಬಿತು. ಕಬ್ಬಿಗೆ ಮಿತಿಯಿಲ್ಲದೆ ನೀರು ಹಾಯಿಸಿದ ಕಡೆ ಹೊಳೆದಂಡೆಯ ಎರೆಭೂಮಿ ಸವಳು-ಜವಳಾಯಿತು. ದುಡಿಯುವವರು ಒಂದಾದರೆ ಸರ್ಕಾರ ಮಾಡದ್ದನ್ನೂ ಮಾಡಬಲ್ಲರು. ಹಾಗೆ ಒಂದಾದವರ ಕಣ್ಣೂ ಮುಂದಿನ ಸುಗ್ಗಿಯಾಚೆ ಹೋಗದಿದ್ದರೆ ನೆಲ ಅದರ ಬೆಲೆ ತೆರುತ್ತದೆ. ಎರಡೂ ಪಾಠ ಒಂದೇ ದಂಡೆಯ ಮೇಲಿವೆ.

ಹಾಗಾದರೆ ನನ್ನ ತೀರ್ಮಾನವೇನು? ಪರಿಸರದ ಗಡುವನ್ನು ತಡೆಯುವ ಹಕ್ಕು ಸಂಘಕ್ಕೆ ಇರಬಾರದು. ಆ ಗಡುವಿನ ಖರ್ಚು ಹೇಗೆ ಹಂಚಿಕೆಯಾಗಬೇಕು ಎಂದು ನಿರ್ಧರಿಸುವ ಮೇಜಿನಲ್ಲಿ ಸಂಘಕ್ಕೆ ಮೊದಲ ದಿನದಿಂದಲೇ ಕುರ್ಚಿ ಇರಬೇಕು. ಪಡ್ರೆಯ ಮಕ್ಕಳ ಮುಂದೆ ನಿಂತು ಏಲೂರಿನ ಕೆಲಸದ ಲೆಕ್ಕ ಹೇಳಲು ಯಾರಿಗೂ ಬಾಯಿ ಬಾರದು. ಹಾಗೆಯೇ ತಿರುಪ್ಪೂರಿನಿಂದ ಬರಿಗೈಯಲ್ಲಿ ಹೊರಟವನ ಮುಂದೆ ನೊಯ್ಯಲ್ ಶುದ್ಧವಾಯಿತಲ್ಲ ಎಂದು ಹೇಳುವುದೂ ಮನುಷ್ಯತ್ವವಲ್ಲ. ಅಮೆರಿಕದ ತೈಲ ಮತ್ತು ರಾಸಾಯನಿಕ ಕಾರ್ಮಿಕರ ನಾಯಕ ಟೋನಿ ಮಝೋಕಿ, ವಿಷಗೊಂಡ ನೆಲವನ್ನು ತೊಳೆಯಲು ನಿಧಿ ಇರುವಂತೆ ಕೆಲಸ ಕಳೆದುಕೊಳ್ಳುವ ಕಾರ್ಮಿಕರಿಗೂ ನಿಧಿ ಬೇಕೆಂದು ವಾದಿಸಿದ್ದರು. ನ್ಯಾಯಯುತ ಪರಿವರ್ತನೆ ಎಂಬ ಆ ವಿಚಾರ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯವರೆಗೆ ಹೋಯಿತು. ಪ್ಯಾರಿಸ್ಸಿನಲ್ಲಿ ಒಪ್ಪಿದ್ದು ಬನಹಟ್ಟಿಯಲ್ಲಿ ಕಾಣಬೇಕಾದರೆ ಅದು ಮಜೂರಿ ಒಪ್ಪಂದದ ಕಾಗದದ ಮೇಲೆ ಬರಬೇಕು.

ಹೇಗೆ ಬರಬಹುದು? ಬಣ್ಣದ ನೀರನ್ನೇ ತೆಗೆದುಕೊಳ್ಳೋಣ. ಹತ್ತಿಯ ನೂಲಿಗೆ ಬಳಸುವ ಬಣ್ಣ ಕಚ್ಚಲು ರಾಶಿ ಉಪ್ಪು ಬೇಕು. ಬಣ್ಣವನ್ನು ಸೋಸಿ ತೆಗೆದರೂ ಉಪ್ಪು ನೀರಿನಲ್ಲೇ ಉಳಿಯುತ್ತದೆ, ಅದನ್ನು ಬೇರ್ಪಡಿಸುವುದು ದುಬಾರಿ. ಒಂಟಿ ಬಣ್ಣದ ಮನೆಗೆ ಅದು ಆಗದ ಕೆಲಸ, ಸಾಮೂಹಿಕ ಘಟಕವೇ ಬೇಕು. ಅದು ಬಂದ ದಿನ ನೂಲಿನ ಕಿಲೋ ದರ ಏರುತ್ತದೆ. ಏರಿದ ದರವನ್ನು ಬಣ್ಣದವನು ಸಾವಕಾರನಿಗೆ ದಾಟಿಸುತ್ತಾನೆ. ಸಾವಕಾರ ಅದನ್ನು ಸೀರೆಯ ಬೆಲೆಗೆ ಸೇರಿಸಲಾಗದಿದ್ದರೆ ಮಜೂರಿಯಲ್ಲಿ ಹಿಡಿಯುತ್ತಾನೆ. ಸಂಘ ಇಲ್ಲದಿದ್ದರೆ ಹೊಳೆ ಶುದ್ಧವಾದ ಖರ್ಚನ್ನು ನೇಯುವವನೇ ಕಟ್ಟಿದಂತಾಗುತ್ತದೆ. ಆದ್ದರಿಂದ ಘಟಕ ಬೇಡ ಎಂದು ಸಂಘ ಹೇಳಕೂಡದು. ಘಟಕ ಬರಲಿ, ಅದರ ಆಡಳಿತದಲ್ಲಿ ನಮ್ಮವರೂ ಇರಲಿ, ಶುದ್ಧೀಕರಣದ ಖರ್ಚನ್ನು ಮಜೂರಿಯಲ್ಲಿ ಕಡಿತ ಮಾಡುವಂತಿಲ್ಲ ಎಂದು ಒಪ್ಪಂದದಲ್ಲಿ ಬರೆಯಿರಿ ಎಂದು ಪಟ್ಟುಹಿಡಿಯಬೇಕು.

ಸರ್ಕಾರದ ಕರ್ತವ್ಯವೂ ಇಲ್ಲಿ ಸಣ್ಣದಲ್ಲ. 1975ರಲ್ಲಿ ಹುಟ್ಟಿದ ಕೈಮಗ್ಗ ಅಭಿವೃದ್ಧಿ ನಿಗಮ ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ನೇಯಿಸಿ ಈ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಸಿದೆ. ಸರ್ಕಾರ ತಾನೇ ಕೊಳ್ಳುವ ಬಟ್ಟೆಗೆ ಎರಡು ಷರತ್ತು ಹಾಕಬಹುದು: ಬಣ್ಣದ ನೀರು ಶುದ್ಧವಾಗಿರಬೇಕು, ನೇಕಾರನಿಗೆ ಒಪ್ಪಂದದ ಮಜೂರಿ ಸಂದಿರಬೇಕು. ಎರಡನ್ನೂ ಪಾಲಿಸಿದವರಿಗೆ ಸ್ವಲ್ಪ ಹೆಚ್ಚಿನ ಬೆಲೆ ಕೊಟ್ಟರೆ ಕೆಟ್ಟ ದಾರಿ ಹಿಡಿದವನ ಅಗ್ಗದ ಸರಕಿನೆದುರು ಒಳ್ಳೆಯವನು ಸೋಲಬೇಕಾಗಿಲ್ಲ.

ಸಂಘಗಳೂ ತಮ್ಮ ಬಾಗಿಲನ್ನು ಅಗಲಗೊಳಿಸಬೇಕು. ಕಂಡಿಕೆ ಸುತ್ತುವ ಹೆಣ್ಣುಮಗಳು, ಬಣ್ಣದ ಮನೆಯ ಕೂಲಿ, ಕಬ್ಬು ಕಡಿಯುವ ಗ್ಯಾಂಗಿನವನು ಸದಸ್ಯರ ಪಟ್ಟಿಗೆ ಬರಬೇಕು. ಹೊಳೆಯ ನೀರು ಬೇಡಿಕೆ ಪಟ್ಟಿಗೆ ಬರಬೇಕು. ಇಷ್ಟಾದರೆ ಸಂಘ ತೊಡಕು ಎನ್ನುವವರ ವಾದದ ಬಲ ಬಹುಪಾಲು ಕುಗ್ಗುತ್ತದೆ. ಅಷ್ಟಾಗುವವರೆಗೆ ಆ ವಾದಕ್ಕೆ ಬೆಲೆ ಕೊಡಲೇಬೇಕು. ಮುಂದಿನ ಮಜೂರಿ ಮಾತುಕತೆಗೆ ಕೂರುವ ಎರಡೂ ಕಡೆಯವರಲ್ಲಿ ನನ್ನ ಕೋರಿಕೆ ಇದೊಂದೇ: ಸೀರೆಗೆ ಎಷ್ಟು ರೂಪಾಯಿ ಎಂಬ ಸಾಲಿನ ಕೆಳಗೆ, ಅದೇ ಕಾಗದದಲ್ಲಿ, ನೀರಿನದೂ ಒಂದು ಸಾಲು ಇರಲಿ.